ಕೋಳಿ ಇವತ್ತು ಯಾಕೆ ಮೊಟ್ಟೆ ಇಡಲಿಲ್ಲ?

(ಬೇಲೂರಿನಲ್ಲಿ ಸ್ವಸಹಾಯ ಸಂಘಗಳ ಮಹಿಳೆಯರ ಸಭೆಯಲ್ಲಿ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಆಲೂರು, ಸಕಲೇಶಪುರದ ಕಡೆಯಿಂದಲೂ ಅಕ್ಕಂದಿರು ಕೆಲಸ ಬಿಟ್ಟು ಬಂದಿದ್ದೀರಿ. ನೇರ ವಿಷಯಕ್ಕೆ ಬರುತ್ತೇನೆ.

ನಾಟಿಕೋಳಿ ಕೊಯ್ದು ಹೊಟ್ಟೆ ಬಿಡಿಸುವಾಗ ಒಳಗೆ ಹಳದಿ ಉಂಡೆಗಳ ಗೊಂಚಲು ನೋಡಿರುತ್ತೀರಿ, ಅಲ್ವಾ? ಒಂದು ಪೂರ್ತಿ ಬಲಿತದ್ದು. ಪಕ್ಕದ್ದು ಸ್ವಲ್ಪ ಚಿಕ್ಕದು, ಅದರಾಚೆಯದು ಇನ್ನೂ ಚಿಕ್ಕದು. ಕೊನೆಗೆ ಸಾಸಿವೆ ಗಾತ್ರದವು ಲೆಕ್ಕಕ್ಕೇ ಸಿಗುವುದಿಲ್ಲ. ಮಕ್ಕಳು ಸಾರಿನಲ್ಲಿ ಅದನ್ನೇ ಹುಡುಕಿ ತಿನ್ನುತ್ತಾರೆ. ಆ ಗೊಂಚಲೇ ಕೋಳಿಯ ಅಂಡಾಶಯ, ಇರುವುದು ಎಡಗಡೆ ಮಾತ್ರ. ಬಲಗಡೆಯ ಅಂಡಾಶಯ ಕೋಳಿಗಳಲ್ಲಿ ಬೆಳೆಯುವುದೇ ಇಲ್ಲ.

ದೊಡ್ಡ ಉಂಡೆ ಮುಂದಿನ ಮೊಟ್ಟೆಯ ಹಳದಿ. ಪಕ್ಕದ್ದು ಅದರ ನಂತರದ್ದು. ಒಂದೊಂದೂ ದಪ್ಪವಾಗಿ ಬಲಿಯುವುದಕ್ಕೆ 7ರಿಂದ 10 ದಿನ ಬೇಕು. ಆದ್ದರಿಂದ ಇವತ್ತು ಒಳ್ಳೆ ಮೇವು ಹಾಕಿ ನಾಳೆಯೇ ಬುಟ್ಟಿ ನೋಡಿದರೆ ಏನೂ ಸಿಗುವುದಿಲ್ಲ. ವಾರ, ಹತ್ತು ದಿನ ಕಾಯಬೇಕು.

ಬಲಿತ ಹಳದಿ ಗೊಂಚಲಿನಿಂದ ಕಳಚಿ ನಾಳಕ್ಕೆ ಇಳಿಯುತ್ತದೆ. ಅಲ್ಲಿಂದ ಮೊಟ್ಟೆಯಾಗಿ ಹೊರಗೆ ಬರಲು 24ರಿಂದ 26 ಗಂಟೆ. ಸುತ್ತ ಬಿಳಿ ಭಾಗ ಕೂಡುವುದಕ್ಕೆ ಸುಮಾರು 3 ಗಂಟೆ. ಬೇಯಿಸಿದ ಮೊಟ್ಟೆ ಸುಲಿಯುವಾಗ ಕೈಗೆ ಹತ್ತುತ್ತದಲ್ಲ, ಆ ತೆಳು ಪೊರೆಗೆ ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ. ಉಳಿದ ಸುಮಾರು 20 ಗಂಟೆಯೂ ಚಿಪ್ಪಿಗೇ ಬೇಕು. ಬುಟ್ಟಿಯಲ್ಲಿ ಕೂತು ಹಾಕುವ ಕೆಲಸ ಇದರ ಮುಂದೆ ಏನೂ ಅಲ್ಲ. ಕೆಲವು ಅರ್ಧ ಗಂಟೆ ಕೂರುತ್ತವೆ, ಕೆಲವು ಇನ್ನೂ ಹೆಚ್ಚು. ಮೊಟ್ಟೆ ಹೊರಬೀಳುವುದು ಕ್ಷಣಗಳಲ್ಲಿ.

ದಿನಕ್ಕೆ 24 ಗಂಟೆ, ಮೊಟ್ಟೆಗೆ ಅದಕ್ಕಿಂತ ಸ್ವಲ್ಪ ಜಾಸ್ತಿ. ಜೊತೆಗೆ ಒಂದು ಮೊಟ್ಟೆ ಹಾಕಿ ಅರ್ಧ, ಮುಕ್ಕಾಲು ಗಂಟೆ ಕಳೆದ ಮೇಲೇ ಮುಂದಿನ ಹಳದಿ ಇಳಿಯುವುದು. ಹಾಗಾಗಿ ಸೋಮವಾರ ಬೆಳಿಗ್ಗೆ 8ಕ್ಕೆ ಹಾಕಿದ ಕೋಳಿ ಮಂಗಳವಾರ 9 ದಾಟಿ ಹಾಕುತ್ತದೆ, ಬುಧವಾರ ಇನ್ನೂ ತಡ. ಹೀಗೇ ಜಾರುತ್ತಾ ಮಧ್ಯಾಹ್ನ ಮೀರಿದರೆ ಮುಂದಿನ ಹಳದಿ ಆ ದಿನ ಇಳಿಯುವುದಿಲ್ಲ. ಒಂದು ದಿನ ಬಿಟ್ಟು ಮತ್ತೆ ಬೆಳಿಗ್ಗೆಯಿಂದ ಶುರು. ಆ ಖಾಲಿ ದಿನಕ್ಕೆ ಕೋಳಿಯನ್ನು ಬೈಯಬೇಡಿ. ಅದು ಸೋಮಾರಿತನವಲ್ಲ, ಕಾಯಿಲೆಯೂ ಅಲ್ಲ.

ಚಿಪ್ಪಿನ ಕೆಲಸ ಹೆಚ್ಚಾಗಿ ನಡೆಯುವುದು ರಾತ್ರಿ, ಕೋಳಿ ಮೇಯದೆ ಕೂತಿರುವಾಗ. ಒಂದು ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಹೋಗುತ್ತದೆ. ಹೊಟ್ಟೆಯಲ್ಲಿ ಇಲ್ಲದಿದ್ದರೆ ತನ್ನ ಮೂಳೆಯಿಂದಲೇ ತೆಗೆದು ಕೊಡುತ್ತದೆ ಆ ಜೀವ. ಇದು ಗೊತ್ತಾದ ಮೇಲೂ ಬರೀ ರಾಗಿ, ಅನ್ನ ಹಾಕಿ ಸುಮ್ನೆ ಇರುವುದು ಸರಿಯಲ್ಲ. ಕಪ್ಪೆಚಿಪ್ಪಿನ ಪುಡಿ ತಂದು ಸಂಜೆ ಹೊತ್ತು ಬೇರೆ ತಟ್ಟೆಯಲ್ಲಿ ಇಡಿ. ಮನೆಯ ಮೊಟ್ಟೆ ಚಿಪ್ಪನ್ನೇ ಒಣಗಿಸಿ, ಸಣ್ಣಗೆ ಪುಡಿ ಮಾಡಿ ಕೊಟ್ಟರೂ ಆಗುತ್ತದೆ. ಎಲೆಅಡಿಕೆಯ ಸುಣ್ಣ ಬೇಡ, ಬಾಯಿ ಸುಡುತ್ತದೆ. ನೀರು ಯಾವಾಗಲೂ ಇರಲಿ. ಮೊಟ್ಟೆಯಲ್ಲಿ ಮುಕ್ಕಾಲು ಭಾಗ ನೀರೇ.

ಇನ್ನು ಬೆಳಕು. ಫಾರಂಗಳಲ್ಲಿ ಲೈಟು ಹಾಕಿ ದಿನಕ್ಕೆ 16 ಗಂಟೆ ಬೆಳಕು ಕೊಡುತ್ತಾರೆ. ನಮ್ಮ ಹಾಸನದಲ್ಲಿ ಜೂನ್‌ನ ಉದ್ದನೆಯ ಹಗಲೂ 13 ಗಂಟೆ ಮುಟ್ಟುವುದಿಲ್ಲ, ಡಿಸೆಂಬರ್‌ನಲ್ಲಿ ಹನ್ನೊಂದೂಕಾಲು ಗಂಟೆ ಚಿಲ್ಲರೆ. ಸಕಲೇಶಪುರದ ಮಳೆಗಾಲದಲ್ಲಿ ಕೋಳಿ ಇಡೀ ದಿನ ಕತ್ತಲೆ ಗೂಡಿನಲ್ಲೇ ಇದ್ದರೆ ಇನ್ನೂ ಕಡಿಮೆ. ಬೆಳಿಗ್ಗೆ ಎರಡು ಗಂಟೆ ಒಂದು ಸಣ್ಣ ಬಲ್ಬು ಹಾಕಿ ನೋಡಿ. ರಾತ್ರಿಯಿಡೀ ಬೇಡ, ಅದಕ್ಕೂ ನಿದ್ದೆ ಬೇಕು. ಎಳೆ ಕೋಳಿಗಳಿಗಂತೂ ಹಾಕಲೇಬೇಡಿ.

ತಳಿಯ ಮಾತಿಗೆ ಬಂದರೆ, ಫಾರಂ ಕೋಳಿ 18ರಿಂದ 20 ವಾರಕ್ಕೇ ಮೊಟ್ಟೆಗೆ ಬಂದು ವರ್ಷಕ್ಕೆ 300ರ ಹತ್ತಿರ ಹಾಕುತ್ತದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಗಿರಿರಾಜ 130ರಿಂದ 150. ನಮ್ಮ ನಾಟಿ ಹೇಂಟೆ ಮೊದಲ ಮೊಟ್ಟೆಗೆ ಆರು, ಏಳು ತಿಂಗಳು ತೆಗೆದುಕೊಳ್ಳುತ್ತದೆ. ವರ್ಷಕ್ಕೆ 60 ಹಾಕಿದರೆ ಚೆನ್ನಾಗಿಯೇ ಹಾಕಿದೆ ಅನ್ನಿ.

ಯಾಕೆ ಇಷ್ಟು ಕಡಿಮೆ? ಅದು ತಾಯಿಯಾಗುತ್ತದೆ, ಅದಕ್ಕೆ. ಹನ್ನೆರಡು, ಹದಿನೈದು ಮೊಟ್ಟೆ ಹಾಕಿ ಕಾವು ಕೂರುತ್ತದೆ. 21 ದಿನ ಬುಟ್ಟಿ ಬಿಟ್ಟು ಏಳುವುದೇ ಅಪರೂಪ, ಸರಿಯಾಗಿ ತಿನ್ನುವುದೂ ಇಲ್ಲ. ಆಮೇಲೆ ಮರಿಗಳನ್ನು ರೆಕ್ಕೆಯಡಿ ಇಟ್ಟುಕೊಂಡು ಎರಡು ತಿಂಗಳು ತಿರುಗುತ್ತದೆ. ಅಷ್ಟು ದಿನವೂ ಮೊಟ್ಟೆ ಇಲ್ಲ. ನನಗೆ ಇದರಲ್ಲಿ ನಷ್ಟ ಕಾಣುವುದಿಲ್ಲ. ಯಂತ್ರ, ಕರೆಂಟು ಯಾವುದೂ ಇಲ್ಲದೆ ಮರಿ ಮಾಡಿ ಕೊಡುವ ಕೋಳಿ ಅದು. ಮರಿ ಬೇಡವೆಂದರೆ ಮೊಟ್ಟೆಗಳನ್ನು ತೆಗೆದು, ಗಾಳಿ ಬೆಳಕು ಆಡುವ ಜಾಲರಿ ತಳದ ಗೂಡಿನಲ್ಲಿ ಮೂರು, ನಾಲ್ಕು ದಿನ ಬಿಡಿ, ಕಾವು ಇಳಿಯುತ್ತದೆ. ತಣ್ಣೀರಿನಲ್ಲಿ ಮುಳುಗಿಸುವುದು, ಮೂಗಿಗೆ ಪುಕ್ಕ ಚುಚ್ಚುವುದು ದಯವಿಟ್ಟು ಬೇಡ.

ಪುಕ್ಕ ಉದುರುವ ಕಾಲದಲ್ಲೂ ಎರಡು, ಮೂರು ತಿಂಗಳು ಮೊಟ್ಟೆ ನಿಲ್ಲುತ್ತದೆ. ಹೊಸ ಪುಕ್ಕಕ್ಕೇ ಅದರ ಶಕ್ತಿಯೆಲ್ಲ ಹೋಗುತ್ತದೆ. ವಯಸ್ಸಾದಂತೆ ವರ್ಷ ವರ್ಷಕ್ಕೂ ಕಡಿಮೆ. ಜಂತುಹುಳು, ರಾಣಿಖೇತ್ ರೋಗ ಬಂದರೂ ನಿಲ್ಲುತ್ತದೆ. ಮುಂಗುಸಿ, ನಾಯಿ ಅಟ್ಟಾಡಿಸಿದರೆ ಹೊರಬರಬೇಕಾದ ಮೊಟ್ಟೆಯನ್ನು ಒಳಗೇ ತಡೆಹಿಡಿಯುತ್ತದೆ. ಹುಂಜ ಇಲ್ಲದಿದ್ದರೆ ಮೊಟ್ಟೆ ನಿಲ್ಲುವುದಿಲ್ಲ, ಮರಿ ಆಗುವುದಿಲ್ಲ ಅಷ್ಟೇ.

ಕೊಯ್ದುಬಿಡೋಣ ಅಂತ ತೀರ್ಮಾನಿಸುವ ಮುಂಚೆ ಹುಲ್ಲಿನ ಮೆದೆ, ಸೌದೆ ರಾಶಿ, ಕಾಫಿ ಗಿಡದ ಬುಡ ನೋಡಿ ಬನ್ನಿ. ಬಿಟ್ಟು ಸಾಕಿದ ಹೇಂಟೆ ಕಂಡವರ ಕಣ್ಣಿಗೆ ಬೀಳದ ಕಡೆ ಇಟ್ಟಿರುತ್ತದೆ. ಆಮೇಲೆ ಕೋಳಿಯನ್ನೇ ಹಿಡಿದು ನೋಡಿ. ಜುಟ್ಟು ಕೆಂಪಾಗಿ ಮೆತ್ತಗಿದೆಯಾ? ಹಿಂಭಾಗದ ಎರಡು ಚೂಪು ಮೂಳೆಗಳ ನಡುವೆ ಎರಡು, ಮೂರು ಬೆರಳು ಹಿಡಿಸುತ್ತದಾ? ಹಾಗಿದ್ದರೆ ಅದು ಮೊಟ್ಟೆ ಇಡುತ್ತಿದೆ. ಒಂದೇ ಬೆರಳು ಹಿಡಿಸಿದರೆ ನಿಂತಿದೆ.

ತಡವಾದಾಗ ಗಾಬರಿಪಡಬೇಕಾದ್ದು ಒಂದೇ ಸಂದರ್ಭದಲ್ಲಿ. ಕೋಳಿ ಬಾಲ ಇಳಿಬಿಟ್ಟು, ಮೈ ಉಬ್ಬಿಸಿ, ಮತ್ತೆ ಮತ್ತೆ ತಿಣುಕುತ್ತಿದ್ದರೂ ಮೊಟ್ಟೆ ಬರದಿದ್ದರೆ ಒಳಗೆ ಸಿಕ್ಕಿಕೊಂಡಿರಬಹುದು. ಹೊಟ್ಟೆ ಒತ್ತಬೇಡಿ. ಒಳಗೇ ಒಡೆದರೆ ಪ್ರಾಣಕ್ಕೆ ಕುತ್ತು. ಬೆಚ್ಚಗಿನ ಜಾಗದಲ್ಲಿಟ್ಟು, ಅವತ್ತೇ ಹತ್ತಿರದ ಪಶು ಆಸ್ಪತ್ರೆಗೋ ಹಾಸನದ ಪಶುವೈದ್ಯಕೀಯ ಕಾಲೇಜಿಗೋ ತೆಗೆದುಕೊಂಡು ಹೋಗಿ.