ಕಾರವಾರದಿಂದ ಶಿರಸಿಗೆ, ಜೊತೆಗೊಂದು ರೇಡಿಯೋ

ನಮಸ್ಕಾರ. ನೀವು ನೋಡುತ್ತಿರುವುದು ಕಾರವಾರದ ಟಾಗೋರ್ ಕಡಲತೀರ, ಕೇಳಿಸುತ್ತಿರುವುದು ಆಕಾಶವಾಣಿ ಕಾರವಾರದ 102.3 ಎಫ್‌ಎಂ. ಈ ರೇಡಿಯೋವನ್ನು ಪಕ್ಕದ ಸೀಟಿನಲ್ಲಿಟ್ಟುಕೊಂಡು ಅಂಕೋಲಾ, ಕುಮಟಾ, ದೇವಿಮನೆ ಘಟ್ಟದ ಮಾರ್ಗವಾಗಿ ಶಿರಸಿಗೆ ಹೊರಟಿದ್ದೇನೆ. ನಮ್ಮ ಜಿಲ್ಲೆಯ ಸುದ್ದಿ ನಮ್ಮ ಜಿಲ್ಲೆಯಲ್ಲೇ ಎಲ್ಲಿಯವರೆಗೆ ಕೇಳಿಸುತ್ತದೆ ಎಂಬುದನ್ನು ನೋಡಬೇಕಾಗಿದೆ.

ಇದು ಕೋಡಿಬಾಗದ ಕಾಳಿ ಸೇತುವೆ. 2024ರ ಆಗಸ್ಟ್ 7ರ ನಡುರಾತ್ರಿ ಹಳೆಯ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿದ್ದದ್ದು ಬೆಂಗಳೂರಿನವರಿಗೆ ಎರಡು ಸಾಲಿನ ಸುದ್ದಿಯಾಗಿತ್ತು. ಆದರೆ ಮರುದಿನ ಬೆಳಿಗ್ಗೆ ಸದಾಶಿವಗಡದಿಂದ ಕಾರವಾರದ ಆಸ್ಪತ್ರೆಗೆ ಬರಬೇಕಾದವರಿಗೆ ಪಕ್ಕದ ಹೊಸ ಸೇತುವೆಯ ಮೇಲೆ ವಾಹನ ಬಿಡುತ್ತಾರೆಯೋ ಇಲ್ಲವೋ ಎಂಬುದೊಂದೇ ಸುದ್ದಿ. ಸ್ಥಳೀಯ ಸುದ್ದಿ ಎಂದರೆ ನನ್ನ ಮಟ್ಟಿಗೆ ಇಷ್ಟೇ. ಬಾನುಲಿಯ ವಾರ್ತೆಗಳಲ್ಲಿ ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ವಂದಿಸಿದವರು ಎಲ್ಲರೂ ಬಂದುಹೋದ ಮೇಲೆ ಕುಡಿಯುವ ನೀರಿನ ವಿಷಯ ಬರುತ್ತದೆ ಎಂಬ ನನ್ನ ಹಳೆಯ ತಕರಾರು ಹಾಗೇ ಇದೆ.

ಈ ದೃಶ್ಯದಲ್ಲಿ ಆಂಟೆನಾ ಅರ್ಧವೇ ಇರುವುದನ್ನು ಗಮನಿಸಿದ್ದೀರಿ. ಕಾರಿನ ಬಾಗಿಲಿಗೆ ಸಿಕ್ಕಿ ಅದರ ಮೇಲಿನ ಮೂರು ಕೊಳವೆಗಳು ಮುರಿದುಹೋದವು. ಪೇಟೆಯ ಒಂದು ಅಂಗಡಿಗೆ ಹೋದರೆ, ಅಲ್ಲಿನ ಯಜಮಾನರು ರೇಡಿಯೋವನ್ನು ತಿರುಗಿಸಿ ಮುರುಗಿಸಿ ನೋಡಿ, "ಇದಕ್ಕೆ ಬಿಡಿಭಾಗ ಎಲ್ಲಿ ಸಿಗುತ್ತದೆ ಸರ್, ಬ್ಲೂಟೂತ್ ಸ್ಪೀಕರ್ ತೆಗೆದುಕೊಳ್ಳಿ, ಅದರಲ್ಲೇ ಎಫ್‌ಎಂ ಬರುತ್ತದೆ" ಎಂದು ಸಾವಿರದ ಇನ್ನೂರು ರೂಪಾಯಿಯ ಪೆಟ್ಟಿಗೆಯೊಂದನ್ನು ಮುಂದಿಟ್ಟರು. ಆಂಟೆನಾದ ಕಡ್ಡಿಯೊಂದನ್ನು ಕೇಳಿದವನಿಗೆ ಇಡೀ ಅಂಗಡಿಯನ್ನೇ ಮಾರಲು ಹೊರಟಂತಿತ್ತು. ಕೊನೆಗೆ ಹಳೆಯ ವೈರ್ ತುಂಡೊಂದನ್ನು ಕೇಳಿ ಪಡೆದೆ. ಅದರ ಉದ್ದವನ್ನು ಮನಸ್ಸಿಗೆ ಬಂದಂತೆ ಇಟ್ಟುಕೊಳ್ಳುವಂತಿಲ್ಲ: 102.3 ಮೆಗಾಹರ್ಟ್ಸ್ ತರಂಗದ ಉದ್ದ ಸುಮಾರು 3 ಮೀಟರ್, ಆಂಟೆನಾಕ್ಕೆ ಅದರ ಕಾಲು ಭಾಗ ಸಾಕು, ಎಂದರೆ 73 ಸೆಂಟಿಮೀಟರ್ ಆಸುಪಾಸು. ಅಷ್ಟನ್ನು ಅಳೆದು, ತುದಿಯ ಪ್ಲಾಸ್ಟಿಕ್ ಸುಲಿದು, ಉಳಿದ ಕಡ್ಡಿಗೆ ಸುತ್ತಿ ಟೇಪು ಹಾಕಿದೆ. ವಾರ್ತೆ ಓದುವವರ ಉಸಿರೂ ಕೇಳಿಸುವಷ್ಟು ಸ್ವಚ್ಛವಾಗಿ ಬಂತು. ಯಜಮಾನರು ವೈರಿಗೆ ದುಡ್ಡು ತೆಗೆದುಕೊಳ್ಳಲಿಲ್ಲ, ಆದ್ದರಿಂದ ಅವರ ಮೇಲಿನ ಸಿಟ್ಟನ್ನು ಇಲ್ಲಿಗೇ ಬಿಡುತ್ತೇನೆ.

ಶಿರೂರು ಬಂತು, ಎಡಕ್ಕೆ ಆ ಗುಡ್ಡ. 2024ರ ಜುಲೈ 16ರಂದು ಇದು ಹೆದ್ದಾರಿ 66ರ ಮೇಲೆ ಕುಸಿದು ಮಣ್ಣು ಗಂಗಾವಳಿಯನ್ನು ಸೇರಿತು. ಆ ದಿನಗಳಲ್ಲಿ ವಾಟ್ಸ್ಆ್ಯಪ್‌ನಲ್ಲಿ ಗಂಟೆಗೊಂದು ಕಥೆ ಹುಟ್ಟುತ್ತಿದ್ದಾಗ, ಜಿಲ್ಲಾಡಳಿತ ಖಚಿತಪಡಿಸಿದ್ದನ್ನು ಮಾತ್ರ ನಿಧಾನವಾಗಿ ಓದುವ ಅದೇ ನೀರಸ ವಾರ್ತೆಯ ಬೆಲೆ ತಿಳಿಯಿತು. ಹಾಗಾಗಿ ಸೇತುವೆಯ ಬಳಿ ಹೇಳಿದ ತಕರಾರಿನಲ್ಲಿ ಅರ್ಧವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಉಳಿದರ್ಧ ಇರಲಿ, ಏಕೆಂದರೆ ನಮ್ಮ ದೇಶದಲ್ಲಿ ಬಾನುಲಿಯಲ್ಲಿ ಸುದ್ದಿ ಹೇಳುವ ಅಧಿಕಾರ ಇರುವುದು ಆಕಾಶವಾಣಿಗೆ ಮಾತ್ರ. ಖಾಸಗಿ ಎಫ್‌ಎಂಗಳು ಹವಾಮಾನ, ಸಂಚಾರ, ವಿದ್ಯುತ್ ನಿಲುಗಡೆಯಂತಹ ಪ್ರಕಟಣೆಗಳನ್ನು ಹೇಳಬಹುದು, ಆಕಾಶವಾಣಿಯ ವಾರ್ತೆಯನ್ನು ಮರುಪ್ರಸಾರ ಮಾಡಬಹುದು, ಆದರೆ ಸ್ವಂತ ವರದಿಗಾರರನ್ನು ಕಳುಹಿಸಿ ಸುದ್ದಿ ಮಾಡುವಂತಿಲ್ಲ. ಗಾಳಿಯ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಆ ಸ್ವತ್ತಿನಲ್ಲಿ ಮಾತನಾಡುವ ಹಕ್ಕು ಒಬ್ಬರಿಗೇ ಇರುವಾಗ, ಅವರಿಂದ ಹೆಚ್ಚು ನಿರೀಕ್ಷಿಸುವುದು ಕೇಳುಗರ ಅಧಿಕಪ್ರಸಂಗವಾಗಲಾರದು. ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಯಾಂತ್ರೀಕೃತ ಮೀನುಗಾರಿಕೆ ನಿಷೇಧವಿರುವಾಗ ದಡದಲ್ಲಿ ಕುಳಿತ ಮೀನುಗಾರರ ಮನೆ ಹೇಗೆ ನಡೆಯುತ್ತದೆ ಎಂದು ಮೈಕ್ ಹಿಡಿದುಕೊಂಡು ಹೋಗಿ ಕೇಳಬೇಕಾದವರೂ ಅವರೇ.

ಕುಮಟಾ ದಾಟಿತು. ದೇವಿಮನೆಯ ತಿರುವುಗಳಲ್ಲಿ ದನಿ ಒಂದು ತಿರುವಿಗೆ ಬಂದು ಇನ್ನೊಂದಕ್ಕೆ ಮಾಯವಾಗುವುದನ್ನು ನೀವೇ ಕೇಳುತ್ತಿದ್ದೀರಿ. ಎಫ್‌ಎಂ ತರಂಗ ಹೆಚ್ಚುಕಡಿಮೆ ನೇರ ದೃಷ್ಟಿಯ ದಾರಿಯಲ್ಲೇ ಸಾಗುವುದರಿಂದ ಅಡ್ಡ ನಿಂತ ಗುಡ್ಡವನ್ನು ಬಳಸಿಕೊಂಡು ಬರಲಾರದು. ಘಟ್ಟದ ಮೇಲೆ ಅತ್ತೆಯ ಮನೆಗೆ ತಲುಪಿದಾಗ, ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದ ಅತ್ತೆ ನನ್ನ ರೇಡಿಯೋದ ಕಡೆ ನೋಡಿ, "ತಮಾ, ಕಾರವಾರ ಇಲ್ಲಿ ಬತ್ತಿಲ್ಲೆ, ಧಾರವಾಡ ಹಾಕು" ಎಂದರು. ಮೀಡಿಯಂ ವೇವ್‌ಗೆ ತಿರುಗಿಸಿ 765 ಕಿಲೋಹರ್ಟ್ಸ್‌ಗೆ ಮುಳ್ಳನ್ನು ಸರಿಸಿದರೆ ಆಕಾಶವಾಣಿ ಧಾರವಾಡ, ಸ್ವಲ್ಪ ಗರಗರದೊಂದಿಗೆ. 1950ರಲ್ಲಿ ಆರಂಭವಾದ ಆ ನಿಲಯದ ಮೀಡಿಯಂ ವೇವ್ ನೆಲಕ್ಕೆ ಅಂಟಿಕೊಂಡು ದೂರ ಸಾಗುವುದರಿಂದ ಗುಡ್ಡಗಳು ಅದಕ್ಕೆ ಅಷ್ಟು ತೊಡಕಲ್ಲ. ಹೀಗಾಗಿ ನಮ್ಮ ಜಿಲ್ಲೆಯ ಮೇಲ್ಭಾಗದವರಿಗೆ ಮಲಪ್ರಭೆಯ ನೀರಿನ ಮಟ್ಟ ತಿಳಿಯುತ್ತದೆ, ಅಂಕೋಲೆಯ ರಸ್ತೆ ತಿಳಿಯುವುದಿಲ್ಲ. ಆ್ಯಪ್ ಇದೆಯಲ್ಲ ಎಂದು ಕೆಲವರು ಹೇಳುತ್ತಾರೆ. ಆಷಾಢದ ಮಳೆಗೆ ಕರೆಂಟು ಹೋಗಿ, ಮೊಬೈಲ್ ಗೋಪುರದ ಬ್ಯಾಟರಿಯೂ ಮುಗಿದ ಮೇಲೆ ಆ್ಯಪನ್ನು ಇಟ್ಟುಕೊಂಡು ಮಾಡುವುದೇನು? ಎರಡು ಶೆಲ್ ಹಾಕಿದ ರೇಡಿಯೋ ಆಗಲೂ ಮಾತನಾಡುತ್ತದೆ, ಆದರೆ ಕಾರವಾರದ ಮಾತನ್ನಲ್ಲ. ಘಟ್ಟದ ಮೇಲೊಂದು ಮರುಪ್ರಸಾರ ಕೇಂದ್ರ ಬೇಕು ಎನ್ನುವುದು ನನ್ನ ಅಭಿಪ್ರಾಯ. ಅತ್ತೆಗೆ ಮಾತ್ರ ವಾರ್ತೆಗಿಂತ ತಾಳಮದ್ದಳೆ ಮುಖ್ಯ.

ಅದೇ ಈಗ ಶುರುವಾಗುತ್ತಿದೆ. ಭಾಗವತರ ಪದ್ಯವನ್ನು ಇಲ್ಲಿ ಹಾಕಿದರೆ ಹಕ್ಕುಸ್ವಾಮ್ಯದ ತಕರಾರು ಬಂದು ಇಡೀ ವಿಡಿಯೋದ ಧ್ವನಿಯೇ ಹೋಗುತ್ತದೆ. ಆದ್ದರಿಂದ ಮುಂದಿನ ದೃಶ್ಯದಲ್ಲಿ ಅತ್ತೆ ತಲೆದೂಗುವುದು ಕಾಣುತ್ತದೆಯೇ ಹೊರತು ಪದ್ಯ ಕೇಳಿಸುವುದಿಲ್ಲ.