ಒಳಗೆ ಬಿಡಬೇಕು, ಹೊರಗೆ ಬಿಡಬಾರದು

ಕೇಳುಗರೆಲ್ಲರಿಗೂ ನಮಸ್ಕಾರ.

ಮನೆಯಲ್ಲಿ ಕೇಬಲ್ ಟೈ, ಅಂದರೆ ತಂತಿಗಳನ್ನು ಒಟ್ಟಿಗೆ ಬಿಗಿಯುವ ಪ್ಲಾಸ್ಟಿಕ್ ಪಟ್ಟಿ, ಇದ್ದರೆ ಒಂದನ್ನು ಕೈಗೆ ತಗೊಳ್ಳಿ. ಟಿವಿ ಹಿಂದೆ, ಮೋಟಾರ್ ಸ್ಟಾರ್ಟರ್ ಡಬ್ಬದೊಳಗೆ, ಸ್ಕೂಟರ್ ಹ್ಯಾಂಡಲ್ ಕೆಳಗೆ, ಎಲ್ಲಾದರೂ ಒಂದು ಇದ್ದೇ ಇರುತ್ತದೆ. ಒಂದು ತಲೆ, ಒಂದು ಬಾಲ, ಅಷ್ಟೇ. ಬಾಲವನ್ನು ತಲೆಯೊಳಗೆ ತೂರಿಸಿ ಎಳೆದರೆ ಟರ್ರ್ ಅಂತ ಹೋಗುತ್ತದೆ. ವಾಪಸ್ ಎಳೆದರೆ ಬರುವುದಿಲ್ಲ.

ನಾನು ತುಮಕೂರಿನ ವಸಂತನರಸಾಪುರದ ಕಡೆ ಪ್ಲಾಸ್ಟಿಕ್ ಸಾಮಾನಿಗೆ ಅಚ್ಚು ಮಾಡುವ ಟೂಲ್ ರೂಮಿನಲ್ಲಿ ಕೆಲಸ ಮಾಡುವವನು. ಬಕೆಟ್ ಅಚ್ಚಿಗಿಂತ ಈ ಟೈ ಅಚ್ಚು ಮಾಡುವುದೇ ಕಷ್ಟ ಅಂದರೆ ಜನ ನಗುತ್ತಾರೆ. ನಗಲಿ. ಬಕೆಟ್ ಸುಮ್ನೆ ಕೂತಿರುತ್ತದೆ. ಟೈ ಹಾಗಲ್ಲ. ಅದರೊಳಗೆ ಅಲ್ಲಾಡುವ ಒಂದು ಭಾಗ ಇದೆ, ಆ ಭಾಗ ಬಿಟ್ಟುಕೊಟ್ಟರೆ ಇಡೀ ಟೈ ದಂಡ.

ಇದು ಬಂದ ಕಥೆ ಚಿಕ್ಕದು. ಅಮೆರಿಕದ ಥಾಮಸ್ ಅಂಡ್ ಬೆಟ್ಸ್ ಕಂಪನಿಯ ಮಾರಸ್ ಲೋಗನ್ ಎಂಬುವರು 1956ರಲ್ಲಿ ಬೋಯಿಂಗ್ ವಿಮಾನ ಕಾರ್ಖಾನೆ ನೋಡಲು ಹೋಗಿದ್ದರು. ಒಂದು ವಿಮಾನದೊಳಗೆ ಸಾವಿರಾರು ತಂತಿ. ಅವನ್ನೆಲ್ಲ ಮೇಣ ಹಚ್ಚಿದ ದಾರದಿಂದ ಸುತ್ತಿ, ಗಂಟು ಹಾಕಿ, ಬಿಗಿಯುತ್ತಿದ್ದರು. ದಾರ ಎಳೆದೆಳೆದು ಕೆಲಸಗಾರರ ಬೆರಳು ಜಡ್ಡುಗಟ್ಟಿರುತ್ತಿತ್ತು. ಲೋಗನ್ ಇದಕ್ಕೆ ಬದಲಿ ಹುಡುಕುತ್ತಾ ಹೋಗಿ 1958ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಶುರುವಿನ ಟೈಗಳ ತಲೆಯಲ್ಲಿ ಲೋಹದ ಪುಟ್ಟ ಹಲ್ಲು ಇರುತ್ತಿತ್ತು. ಪೂರ್ತಿ ಒಂದೇ ತುಂಡು ಪ್ಲಾಸ್ಟಿಕ್ಕಿನ ಟೈ ಆಮೇಲೆ ಬಂತು. ಅಂಗಡಿಯಲ್ಲಿ ನಮಗೆ ಹೆಚ್ಚಾಗಿ ಸಿಗುವುದು ಅದೇ.

ಈಗ ತಲೆಯ ತೂತನ್ನು ಬೆಳಕಿಗೆ ಹಿಡಿದು ನೋಡಿ. ಒಳಗೆ ಒಂದು ಸಣ್ಣ ನಾಲಿಗೆ ಓರೆಯಾಗಿ ಚಾಚಿಕೊಂಡಿದೆ, ಕಂಡಿತಾ? ಅದರ ಬುಡ ಮಾತ್ರ ತಲೆಗೆ ಸೇರಿಕೊಂಡಿದೆ, ತುದಿ ಬಿಡಿಯಾಗಿದೆ. ತುದಿಯಲ್ಲಿ ಎರಡೋ ಮೂರೋ ಹಲ್ಲು. ಬಾಲದ ಮೇಲೂ ಉದ್ದಕ್ಕೂ ಹಲ್ಲಿನ ಸಾಲು. ಪ್ರತಿ ಹಲ್ಲಿನ ಒಂದು ಮುಖ ಇಳಿಜಾರು, ಇನ್ನೊಂದು ಮುಖ ನೆಟ್ಟಗೆ. ಬಾಲ ಒಳಗೆ ಹೋಗುವಾಗ ಇಳಿಜಾರು ಮುಖ ನಾಲಿಗೆಯನ್ನು ಪಕ್ಕಕ್ಕೆ ತಳ್ಳುತ್ತದೆ, ಹಲ್ಲು ದಾಟಿದ ಕೂಡಲೇ ನಾಲಿಗೆ ವಾಪಸ್ ಬೀಳುತ್ತದೆ. ನಿಮಗೆ ಕೇಳಿಸುವ ಆ ಟರ್ರ್ ಶಬ್ದ ಇದೇ. ಹಿಂದಕ್ಕೆ ಎಳೆದಾಗ ನೆಟ್ಟಗಿನ ಮುಖಗಳು ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ಹೊಳೆಯಲ್ಲಿ ಮೀನಿಗೆ ಇಡುವ ಕೂಳಿ ನೋಡಿದ್ದೀರಲ್ಲ, ಒಳಗೆ ಹೋದ ಮೀನು ಹೊರಗೆ ಬರಲಾಗದು, ಅದೇ ಲೆಕ್ಕ. ಇಲ್ಲಿ ಒಂದು ಜಾಣತನ ಜಾಸ್ತಿ ಇದೆ: ಹಿಂದಕ್ಕೆ ಎಳೆದಷ್ಟೂ ನಾಲಿಗೆ ಬಾಲದ ಕಡೆಗೇ ತಿರುಗಿ ಇನ್ನೂ ಗಟ್ಟಿಯಾಗಿ ಒತ್ತುತ್ತದೆ. ಎಳೆಯುವ ಬಲವೇ ಬೀಗವನ್ನು ಬಿಗಿ ಮಾಡುತ್ತದೆ.

ಡಿಸೈನ್ ಮಾಡುವವನ ತಲೆನೋವು ಇಲ್ಲೇ ಇರುವುದು. ಕಟ್ಟುವವರ ಬೆರಳಿಗೆ ನೋವಾಗದಂತೆ ಬಾಲ ಸಲೀಸಾಗಿ ಒಳಗೆ ಹೋಗಬೇಕು. ಹೋದದ್ದು ಹೊರಗೆ ಬರಬಾರದು. ನಾಲಿಗೆಯ ಬುಡ ತೆಳುವಾದರೆ ಮೊದಲನೆಯದು ಸುಲಭ, ದಪ್ಪವಾದರೆ ಎರಡನೆಯದು ಭದ್ರ. ಸ್ವಲ್ಪ ದಪ್ಪ ಮಾಡಿದರಾಯ್ತು ಅನ್ನುವ ಹಾಗಿಲ್ಲ. ಪಟ್ಟಿಯ ದಪ್ಪ ಎರಡು ಪಟ್ಟಾದರೆ ಅದನ್ನು ಅಷ್ಟೇ ಬಗ್ಗಿಸಲು ಬೇಕಾಗುವ ಬಲ ಎಂಟು ಪಟ್ಟಾಗುತ್ತದೆ. 0.5 ಮಿಲಿಮೀಟರ್ ಬುಡವನ್ನು 0.6 ಮಾಡಿದರೆ ಸಾಕು, ಬಲ ಸುಮಾರು ಮುಕ್ಕಾಲು ಪಾಲು ಏರುತ್ತದೆ. ಹಲ್ಲಿನ ಕಥೆಯೂ ಹೀಗೇ. ಹಲ್ಲು ಸಣ್ಣದಾದಷ್ಟೂ ಟೈ ಮೈಗೆ ಅಂಟಿದಂತೆ ಬಿಗಿಯಾಗುತ್ತದೆ, ಆದರೆ ಭಾರ ಬಿದ್ದರೆ ಸವರಿಕೊಂಡು ಹೋಗುತ್ತದೆ. ದೊಡ್ಡ ಹಲ್ಲು ತಡೆದುಕೊಳ್ಳುತ್ತದೆ, ಆದರೆ ಕಟ್ಟಿದ ಮೇಲೆ ಒಂದು ಹಲ್ಲಿನಷ್ಟು ಸಡಿಲ ಉಳಿಯಬಹುದು. ಹಾಗಾಗಿಯೇ ನಾಲಿಗೆಯ ಮೇಲೆ ಒಂದೇ ಹಲ್ಲು ಇಡದೆ ಎರಡು ಮೂರು ಇಟ್ಟು ಭಾರ ಹಂಚುತ್ತಾರೆ.

ಕಾಗದದ ಮೇಲೆ ಸರಿ ಬಂದದ್ದು ಅಚ್ಚಿನಲ್ಲಿ ಸರಿ ಬರಬೇಕಲ್ಲ. ಹೆಚ್ಚಿನ ಟೈಗಳು ನೈಲಾನ್ 66 ಎಂಬ ಪ್ಲಾಸ್ಟಿಕ್ಕಿನವು. ಅದು ಕರಗುವುದು ಸುಮಾರು 260 ಡಿಗ್ರಿಯಲ್ಲಿ. ಕರಗಿದ ಮೇಲೆ ಚೆನ್ನಾಗಿ ಹರಿಯುತ್ತದೆ, ಅದಕ್ಕೇ ಇಷ್ಟುದ್ದದ ತೆಳು ಬಾಲ ತುಂಬಲು ಸಾಧ್ಯ. ತಲೆಯ ಹತ್ತಿರ ಬಂದಾಗ ತೂತಿಗಾಗಿ ಇಟ್ಟ ಉಕ್ಕಿನ ಪಿನ್ನು ಅಡ್ಡ ನಿಲ್ಲುತ್ತದೆ. ಪ್ಲಾಸ್ಟಿಕ್ ಎರಡಾಗಿ ಒಡೆದು, ಪಿನ್ನನ್ನು ಬಳಸಿ, ಆಚೆ ಬದಿಯಲ್ಲಿ ಮತ್ತೆ ಸೇರುತ್ತದೆ. ಸೇರುವ ಹೊತ್ತಿಗೆ ಅದು ತಣ್ಣಗಾಗಿದ್ದರೆ ಬೆಸುಗೆ ಸರಿಯಾಗಿ ಕೂರುವುದಿಲ್ಲ. ನಾವು ಅದನ್ನು ವೆಲ್ಡ್ ಲೈನ್ ಅನ್ನುತ್ತೇವೆ. ಕೂದಲೆಳೆಯಂಥ ಗೆರೆ. ಬಿಗಿ ಮಾಡುವಾಗ ಬಾಲ ತುಂಡಾಗದೆ ತಲೆಯೇ ಸೀಳಿಹೋಯಿತು ಅಂದರೆ ಆ ಗೆರೆಯ ಮೇಲೆ ಅನುಮಾನ ಪಡಬಹುದು. ಇನ್ನೊಂದು ಅನುಮಾನ ರೀಗ್ರೈಂಡ್ ಮೇಲೆ. ಉಳಿದ ಚೂರುಪಾರನ್ನು ಪುಡಿ ಮಾಡಿ ಮತ್ತೆ ಕರಗಿಸುವುದು. ಅಳತೆ ಮೀರಿ ಬೆರೆಸಿದರೆ ಪ್ಲಾಸ್ಟಿಕ್ಕಿನ ಸತ್ವ ಇಳಿಯುತ್ತದೆ. ಅರ್ಧ ಬೆಲೆಗೆ ಸಿಗುವ ಪ್ಯಾಕೆಟ್ಟನ್ನು ನಾನಂತೂ ನಂಬುವುದಿಲ್ಲ.

ನೈಲಾನಿಗೂ ನೀರಿಗೂ ಇರುವ ನಂಟು ನನಗೆ ತುಂಬಾ ಇಷ್ಟವಾದ ವಿಷಯ. ಕರಗಿಸುವ ಮುಂಚೆ ನೈಲಾನ್ ಕಾಳನ್ನು ಡ್ರೈಯರಿಗೆ ಹಾಕಿ ಗಂಟೆಗಟ್ಟಲೆ ಒಣಗಿಸುತ್ತೇವೆ. ತೇವ 0.2 ಪರ್ಸೆಂಟಿಗಿಂತ ಕೆಳಗೆ ಬರಬೇಕು. ಇಲ್ಲದಿದ್ದರೆ ಆ ಬಿಸಿಯಲ್ಲಿ ನೀರು ನೈಲಾನಿನ ಉದ್ದುದ್ದ ಅಣು ಸರಪಳಿಗಳನ್ನು ಕತ್ತರಿಸಿ ಹಾಕುತ್ತದೆ. ಸರಿ, ಅಷ್ಟು ಕಷ್ಟಪಟ್ಟು ಒಣಗಿಸಿ, ಅಚ್ಚು ಹೊಯ್ದು, ಟೈ ತೆಗೆದ ಮೇಲೆ ಏನು ಮಾಡುತ್ತಾರೆ ಗೊತ್ತೇ? ಮತ್ತೆ ನೀರು ಕುಡಿಸುತ್ತಾರೆ! ಅಚ್ಚಿನಿಂದ ಆಗಷ್ಟೇ ಬಂದ ಟೈ ಬಿರುಸಾಗಿರುತ್ತದೆ. ಬಗ್ಗಿಸಿದರೆ ಪಟ್ ಅಂತ ಮುರಿದೀತು. ನೀರು ಸರಪಳಿಗಳ ನಡುವೆ ಸೇರಿಕೊಂಡರೆ ಅವು ಒಂದರ ಪಕ್ಕ ಒಂದು ಜರುಗಲು ಜಾಗವಾಗುತ್ತದೆ, ಟೈ ಬಾಗುವ ಗುಣ ಪಡೆಯುತ್ತದೆ. ಸಾಧಾರಣ ಗಾಳಿಯಲ್ಲಿ ನೈಲಾನ್ 66 ತನ್ನ ತೂಕದ ಎರಡೂವರೆ ಪರ್ಸೆಂಟಿನಷ್ಟು ನೀರು ಹಿಡಿದುಕೊಂಡಿರುತ್ತದೆ. ಈ ತೇವ ಹೋಗದಿರಲಿ ಅಂತಲೇ ಪ್ಯಾಕೆಟ್ಟನ್ನು ಗಾಳಿಯಾಡದಂತೆ ಮುಚ್ಚುವುದು. ಒಳಗೆ ಸ್ವಲ್ಪ ಹನಿ ಕಂಡರೆ ಮಾಲು ಕೆಟ್ಟಿದೆ ಅಂತ ವಾಪಸ್ ಕೊಡಬೇಡಿ.

ನಮ್ಮ ಬಯಲುಸೀಮೆಗೆ ಇದು ಮುಖ್ಯ. ಯುಗಾದಿ ಹೊತ್ತಿಗೆ ಗಾಳಿ ಒಣಗಿರುತ್ತದೆ. ತೆರೆದ ಪ್ಯಾಕೆಟ್ಟನ್ನು ಶೀಟ್ ಮನೆಯಲ್ಲಿ, ಗಾಡಿಯ ಡಿಕ್ಕಿಯಲ್ಲಿ ಬಿಟ್ಟರೆ ಟೈ ಒಣಗಿ, ಕಟ್ಟುವಾಗಲೇ ಲಟಕ್ ಅನ್ನುತ್ತದೆ. ಅಂಥ ಟೈಗಳನ್ನು ಎಸೆಯಬೇಕಿಲ್ಲ. ಒಂದು ದಿನ ನೀರಿನಲ್ಲಿ ನೆನೆಹಾಕಿ, ಒರೆಸಿ, ಬಾಯಿ ಕಟ್ಟಿದ ಪ್ಲಾಸ್ಟಿಕ್ ಕವರಿನಲ್ಲಿಡಿ. ಒಣಗಿ ಬಿರುಸಾದದ್ದು ಇದರಿಂದ ಸುಧಾರಿಸುತ್ತದೆ. ಬಿಸಿಲಿಗೆ ಸುಟ್ಟು ಹಾಳಾದದ್ದು ಸುಧಾರಿಸುವುದಿಲ್ಲ.

ಬಿಸಿಲಿನ ಮಾತು ಬಂದರೆ ಪಾವಗಡ ನೆನಪಾಗದೆ ಇರುತ್ತದಾ? ತಿರುಮಣಿ, ವಳ್ಳೂರು ಕಡೆ ಸುಮಾರು 13 ಸಾವಿರ ಎಕರೆಯಲ್ಲಿ 2050 ಮೆಗಾವಾಟಿನ ಸೋಲಾರ್ ಪಾರ್ಕ್ ಇದೆ. ಸೋಲಾರ್ ಪ್ಯಾನಲ್ ಅಂದ ಮೇಲೆ ಪ್ರತಿಯೊಂದರ ಹಿಂದೆಯೂ ಕೇಬಲ್ ಇರುತ್ತದೆ. ಆ ಕೇಬಲ್ ಜೋತುಬಿದ್ದರೆ ಗಾಳಿಗೆ ಅಲ್ಲಾಡಿ, ಕಬ್ಬಿಣದ ಅಂಚಿಗೆ ಉಜ್ಜಿ, ಮೇಲಿನ ಹೊದಿಕೆ ಸವೆಯುತ್ತದೆ. ಆಮೇಲೆ ಕರೆಂಟು ಫ್ರೇಮಿಗೆ ಇಳಿಯುತ್ತದೆ. ಬೇಸಿಗೆಯ ಮಧ್ಯಾಹ್ನ ಪ್ಯಾನಲ್ಲಿನ ಹಿಂಬದಿ 60 ಡಿಗ್ರಿ ದಾಟುವುದು ಮಾಮೂಲು. ಸಾಮಾನ್ಯ ನೈಲಾನ್ 66 ಟೈ 85 ಡಿಗ್ರಿವರೆಗೆ ತಾಳುತ್ತದೆ, ಹಾಗಾಗಿ ಬಿಸಿ ಅಷ್ಟು ದೊಡ್ಡ ಶತ್ರುವಲ್ಲ. ಕೊಲ್ಲುವುದು ಬಿಸಿಲಿನೊಳಗಿನ ನೇರಳಾತೀತ ಕಿರಣ, ಅಂದರೆ ಯುವಿ. ಬಿಳಿ ಟೈ ಹೊರಗೆ ಹಾಕಿದರೆ ಕ್ರಮೇಣ ಹಳದಿಯಾಗಿ, ಮೇಲ್ಮೈ ಬಿರಿದು, ಉದುರುತ್ತದೆ. ಕಪ್ಪು ಟೈಯಲ್ಲಿ ಎರಡು ಪರ್ಸೆಂಟಿನಷ್ಟು ಕಾರ್ಬನ್ ಬ್ಲ್ಯಾಕ್ ಎಂಬ ಮಸಿಪುಡಿ ಬೆರೆಸಿದ್ದರೆ ಆ ಕಿರಣವನ್ನು ಅದೇ ಹೀರಿಕೊಂಡು ನೈಲಾನನ್ನು ಕಾಯುತ್ತದೆ. ಬರೀ ಬಣ್ಣಕ್ಕೆ ಕಪ್ಪಾಗಿದ್ದರೆ ಪ್ರಯೋಜನವಿಲ್ಲ. ಪ್ಯಾಕೆಟ್ಟಿನ ಮೇಲೆ ಯುವಿ ಎಂದು ಬರೆದಿದೆಯಾ ನೋಡಿ. ವರ್ಷಗಟ್ಟಲೆ ಬಾಳಬೇಕಾದ ಜಾಗಕ್ಕೆ ನೈಲಾನ್ 12 ಎಂಬ ಬೇರೆ ಬಗೆಯ ನೈಲಾನಿನ ಟೈ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಟೈ ಮೇಲು, ಬೆಲೆ ಜಾಸ್ತಿ. ಬ್ಯಾಟರಿ ಆಸಿಡ್ ತಗಲುವ ಕಡೆ ನೈಲಾನ್ ಬೇಡ, ಪಾಲಿಪ್ರೊಪಿಲೀನ್ ಎಂಬ ಬೇರೆ ಪ್ಲಾಸ್ಟಿಕ್ಕಿನ ಟೈ ಹಾಕಿ.

ಅಂಗಡಿಯಲ್ಲಿ ಜನ ಕೇಳುವುದು, "ಅಣ್ಣಾ, ಗಟ್ಟಿ ಇರೋದು ಕೊಡು" ಅಂತ. ಗಟ್ಟಿತನಕ್ಕೂ ಅಳತೆ ಇದೆ. ಐಇಸಿ 62275 ಎಂಬ ಅಂತರರಾಷ್ಟ್ರೀಯ ಮಾನದಂಡ ಇದಕ್ಕೆಂದೇ ಇದೆ. ಎರಡು ಹೋಳಾಗಿರುವ ಉಕ್ಕಿನ ದುಂಡನೆಯ ತುಂಡಿಗೆ ಟೈ ಸುತ್ತಿ ಕಟ್ಟಿ, ಮಷೀನಿನಲ್ಲಿ ಹೋಳುಗಳನ್ನು ಬೇರೆ ಬೇರೆ ಎಳೆಯುತ್ತಾರೆ. ಸಾಮಾನ್ಯವಾಗಿ 2.5 ಮಿಲಿಮೀಟರ್ ಅಗಲದ್ದು 8 ಕೆಜಿ, 3.6ರದ್ದು 18, 4.8ರದ್ದು 22, 7.6ರದ್ದು ಸುಮಾರು 55 ಕೆಜಿ ತಡೆಯುತ್ತದೆ. ಇದು ಹೊಸ ಟೈ, ಹಿತವಾದ ಹವೆ, ಒಂದು ಸಲದ ಎಳೆತದ ಲೆಕ್ಕ. ಸದಾ ಭಾರ ಹೊರುವ ಕೆಲಸಕ್ಕೆ ಇದನ್ನೇ ನೆಚ್ಚಬೇಡಿ. ಇನ್ನು, ಪಕ್ಕಡ್ ಹಾಕಿ ಹಿಚುಕಿ ಬಿಗಿಯುವ ಚಟ ನಮ್ಮವರಿಗೆ ಇದೆಯಲ್ಲ, ಅದು ಟೈಗೂ ಕೆಟ್ಟದು, ಕೇಬಲ್ಲಿಗೂ ಕೆಟ್ಟದು. ಇಂಟರ್ನೆಟ್ಟಿನ ಫೈಬರ್ ಕೇಬಲ್ಲಿಗಂತೂ ನೈಲಾನ್ ಟೈ ಬಿಗಿಯಲೇಬೇಡಿ, ಬಟ್ಟೆಯ ವೆಲ್ಕ್ರೋ ಪಟ್ಟಿ ಸಾಕು.

ಕ್ಲ್ಯಾಂಪಿನ ಕೆಲಸ ಬೇರೆ. ಟೈ ತಂತಿಗಳನ್ನು ಒಟ್ಟು ಹಾಕುತ್ತದೆ, ಕ್ಲ್ಯಾಂಪು ಆ ಕಟ್ಟನ್ನು ಒಂದು ಜಾಗಕ್ಕೆ ನಿಲ್ಲಿಸುತ್ತದೆ. ಗೋಡೆಗೋ ಫ್ರೇಮಿಗೋ ಸ್ಕ್ರೂ ಬೀಳುತ್ತದೆ. ಪ್ಲಾಸ್ಟಿಕ್ಕಿಗೆ ಒಂದು ಕೆಟ್ಟ ಗುಣ: ಸದಾ ಒತ್ತಡದಲ್ಲಿಟ್ಟರೆ ನಿಧಾನಕ್ಕೆ ಜರುಗುತ್ತಾ ಹೋಗುತ್ತದೆ. ಇವತ್ತು ಬಿಗಿಯಾಗಿದ್ದ ಸ್ಕ್ರೂ ಆರು ತಿಂಗಳಲ್ಲಿ ಸಡಿಲ. ಸ್ಕ್ರೂ ಬಿಗಿದವನನ್ನು ಬೈಯುತ್ತಾರೆ ಪಾಪ. ಒಳ್ಳೆ ಕ್ಲ್ಯಾಂಪಿನ ಸ್ಕ್ರೂ ತೂತಿನಲ್ಲಿ ಲೋಹದ ಪುಟ್ಟ ಬುಷ್, ಅಂದರೆ ಕೊಳವೆಯಂಥ ತುಂಡು, ಇರುತ್ತದೆ, ಸ್ಕ್ರೂವಿನ ಒತ್ತಡ ಅದರ ಮೇಲೆ ಬೀಳುತ್ತದೆ. ಒಳ ಮೂಲೆಗಳು ಚೂಪಾಗಿರದೆ ದುಂಡಗಿರುತ್ತವೆ, ಯಾಕೆಂದರೆ ಬಿರುಕು ಶುರುವಾಗುವುದೇ ಚೂಪು ಮೂಲೆಯಲ್ಲಿ. ಕೊಳ್ಳುವಾಗ ಈ ಎರಡು ನೋಡಿದರೆ ಸಾಕು.

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸಾವಿರ ಅಡಿ ದಾಟಿದ ಬೋರ್‌ವೆಲ್ ಏನೂ ಅಪರೂಪವಲ್ಲ. ಅಷ್ಟು ಆಳಕ್ಕೆ ಪೈಪಿನ ಜೊತೆ ಕೇಬಲ್ ಇಳಿಯಬೇಕು. ಪಂಪು ಶುರುವಾದಾಗಲೆಲ್ಲ ಪೈಪು ಒಂದು ಸಲ ತಿರುಚಿಕೊಳ್ಳುತ್ತದೆ. ಕೇಬಲ್ ಸಡಿಲವಿದ್ದ ಕಡೆ ಕೇಸಿಂಗಿಗೋ ಕಲ್ಲಿಗೋ ಉಜ್ಜುತ್ತದೆ. ಮೂರು ಮೀಟರಿಗೊಂದು ಕಟ್ಟು, ಪ್ರತಿ ಜಾಯಿಂಟಿನ ಮೇಲೆ ಕೆಳಗೆ ಒಂದೊಂದು, ಹೀಗೆ ಹಾಕಿದರೆ ಒಳ್ಳೆಯದು. ಎಚ್‌ಡಿಪಿಇ ಎಂಬ ಪ್ಲಾಸ್ಟಿಕ್ಕಿನ ಪೈಪಾದರೆ ಕಟ್ಟುಗಳ ನಡುವೆ ಕೇಬಲ್ಲಿಗೆ ಚೂರು ಸಡಿಲ ಬಿಡಿ, ನೀರು ತುಂಬಿದ ಭಾರಕ್ಕೆ ಪೈಪು ಉದ್ದವಾಗುತ್ತದೆ. ನೀರಿನಲ್ಲಿ ಮುಳುಗೇ ಇರುವ ನೈಲಾನ್ ಎಂಟು ಪರ್ಸೆಂಟಿನವರೆಗೂ ನೀರು ಕುಡಿದು ಮೆತ್ತಗಾಗುತ್ತದೆ. ಅಲ್ಲಿಗೆ 4.8ಕ್ಕಿಂತ 7.6 ಮಿಲಿಮೀಟರಿನದೇ ವಾಸಿ.

ಶ್ರೀನಿವಾಸಪುರದ ಮಾವಿನ ತೋಟದವರಿಗೆ ಒಂದು ಮಾತು. ಎಳೆ ಗಿಡದ ಕಾಂಡಕ್ಕೆ ಟೈ ಬಿಗಿಯಬೇಡಿ. ಗಿಡ ದಪ್ಪವಾಗುತ್ತದೆ, ಟೈ ಅಗಲವಾಗುವುದಿಲ್ಲ. ತೊಗಟೆಯೊಳಗೆ ಹೂತುಹೋಗಿ ಮೇಲಿನಿಂದ ಬರುವ ಆಹಾರಕ್ಕೇ ತಡೆ ಹಾಕುತ್ತದೆ. ಹತ್ತಿ ದಾರವೋ ಗೋಣಿ ಹುರಿಯೋ ಸಾಕು.

ಕಟ್ಟಿದ ಟೈ ಬಿಚ್ಚಬೇಕೆಂದರೆ ಕತ್ತರಿಯೇ ಬೇಕಿಲ್ಲ. ನಾಲಿಗೆಗೂ ಬಾಲಕ್ಕೂ ನಡುವೆ ದಪ್ಪ ಸೂಜಿ ತೂರಿಸಿ ನಾಲಿಗೆಯನ್ನು ಬಾಲದಿಂದ ದೂರ ತಳ್ಳಿ, ಬಾಲ ಸಲೀಸಾಗಿ ಹಿಂದೆ ಬರುತ್ತದೆ. ಹೀಗೆ ಬಿಚ್ಚಿದ್ದರ ಹಲ್ಲು ಸ್ವಲ್ಪ ಸವೆದಿರುತ್ತದೆ. ಬೋರ್‌ವೆಲ್ಲಿಗೆ ಅದನ್ನು ಹಾಕಬೇಡಿ. ಟೊಮೆಟೊ ಸಾಲಿನ ಗೂಟಕ್ಕೆ ತಂತಿ ಕಟ್ಟಲು ಧಾರಾಳವಾಗಿ ಆಗುತ್ತದೆ.

ನಮಸ್ಕಾರ.