ಬಾರ್ ಕೌಂಟರ್ ಹಿಂದೆ ನಿಂತ ಜನರಲ್

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತು ಯುದ್ಧದ ಬಗ್ಗೆ. ಆದರೆ ಒಂದು ಬಾರ್‌ನಿಂದ ಶುರು ಮಾಡುತ್ತೇನೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಸ್ಕಾಟ್ಲೆಂಡಿನ ಎಡಿನ್‌ಬರೊದ ಒಂದು ಹೋಟೆಲಿನಲ್ಲಿ ವಯಸ್ಸಾದವರೊಬ್ಬರು ಗಿರಾಕಿಗಳಿಗೆ ಗ್ಲಾಸು ತುಂಬಿಸಿ ಕೊಡುತ್ತಿದ್ದರು. ಹೋಟೆಲಿನ ಮಾಲೀಕ ಹಿಂದೆ ಅವರ ಕೈಕೆಳಗೇ ಇದ್ದ ಸೈನಿಕ. ಇವರ ಹೆಸರು ಸ್ತಾನಿಸ್ವಾಫ್ ಮಾಚೆಕ್. ಪೋಲೆಂಡಿನ ಒಂದನೇ ಟ್ಯಾಂಕ್ ಡಿವಿಷನ್ನಿನ ಜನರಲ್. ಫ್ರಾನ್ಸ್, ಬೆಲ್ಜಿಯಂ, ನೆದರ್ಲೆಂಡ್ಸ್‌ನ ಎಷ್ಟೋ ಊರುಗಳನ್ನು ಜರ್ಮನ್ನರ ಕೈಯಿಂದ ಬಿಡಿಸಿದವರು. ಅಂಥವರು ಬಾರ್‌ನಲ್ಲಿ ಯಾಕೆ ನಿಂತಿದ್ದರು?

1939ರ ಸೆಪ್ಟೆಂಬರ್‌ನಲ್ಲಿ ಪೋಲೆಂಡ್ ಮೇಲೆ ಒಂದು ಕಡೆಯಿಂದ ಹಿಟ್ಲರ್, ಇನ್ನೊಂದು ಕಡೆಯಿಂದ ಸ್ಟಾಲಿನ್ ಬಿದ್ದರು. ಮಾಚೆಕ್ ತಮ್ಮ ತುಕಡಿಯ ಜೊತೆ ಹಂಗೇರಿಗೆ ದಾಟಿದರು. ಅಲ್ಲಿಂದ ಫ್ರಾನ್ಸ್. 1940ರಲ್ಲಿ ಫ್ರಾನ್ಸೂ ಸೋತಿತು. ಕೊನೆಗೆ ಹೇಗೋ ಬ್ರಿಟನ್ ಸೇರಿದರು. ಸ್ಕಾಟ್ಲೆಂಡಿನಲ್ಲಿ 1942ರಲ್ಲಿ ಈ ಡಿವಿಷನ್ ಕಟ್ಟಿದರು.

1944ರ ಆಗಸ್ಟ್ ಹೊತ್ತಿಗೆ ಅವರು ಫ್ರಾನ್ಸಿನ ನಾರ್ಮಂಡಿಯಲ್ಲಿ ಇದ್ದರು. ಫಾಲೇಸ್ ಹತ್ತಿರ ಜರ್ಮನ್ ಸೈನ್ಯ ಮೂರು ಕಡೆಯಿಂದ ಸಿಕ್ಕಿಬಿದ್ದಿತ್ತು, ಹೊರಗೆ ಹೋಗಲು ಪೂರ್ವಕ್ಕೆ ಒಂದು ಸಂದು ಮಾತ್ರ ಉಳಿದಿತ್ತು. ಆ ಸಂದಿನ ಬಾಯಲ್ಲೇ ಒಂದು ಗುಡ್ಡ. ನಕ್ಷೆಯಲ್ಲಿ ಅದರ ಆಕಾರ ನೋಡಿ ಮಾಚೆಕ್ ಅದಕ್ಕೆ 'ಮಾಚುಗಾ' ಅಂತ ಹೆಸರಿಟ್ಟರು. ಅಂದರೆ ಗದೆ. ನಮ್ಮ ಭೀಮನ ಕೈಯಲ್ಲಿ ಇರುತ್ತದಲ್ಲ, ಅದೇ.

ಆಗಸ್ಟ್ 19ಕ್ಕೆ ಪೋಲಿಷರು ಆ ಗುಡ್ಡ ಹತ್ತಿದರು. ಕೆಳಗಿನ ರಸ್ತೆಯಲ್ಲಿ ಟ್ಯಾಂಕು, ಲಾರಿ, ಕುದುರೆ ಗಾಡಿ, ಎಲ್ಲಾ ಒಂದರ ಹಿಂದೆ ಒಂದು. ಅದರ ಮೇಲೆ ಗುಂಡು ಹಾರಿಸುವುದೇನೋ ಸುಲಭ. ಕಷ್ಟ ಆಮೇಲೆ ಬಂತು. ಒಳಗಿದ್ದ ಜರ್ಮನ್ನರು ಹೊರಗೆ ನುಗ್ಗಲು ಗುಡ್ಡ ಏರಿದರು, ಹೊರಗಿದ್ದವರು ಅವರನ್ನು ಬಿಡಿಸಲು ಹಿಂದಿನಿಂದ ಬಂದರು. ಸುತ್ತುವರಿಯಲು ಹೋದವರೇ ಶತ್ರುಗಳ ನಡುವೆ ಸಿಕ್ಕಿಬಿದ್ದರು. ಗುಂಡು ಖಾಲಿಯಾಗುತ್ತಾ ಬಂತು. ಗಾಯಗೊಂಡವರನ್ನು ಕೆಳಗೆ ಸಾಗಿಸಲು ದಾರಿಯೇ ಇರಲಿಲ್ಲ. ಕೆನಡಾದ ಸೈನ್ಯ ಅವರನ್ನು ತಲುಪಿದ್ದು 21ರಂದು. ಮೇಲೆ ಬಂದು ನೋಡಿದ ಕೆನಡಾದವರು ಅಲ್ಲಿ ಒಂದು ಫಲಕ ನೆಟ್ಟರು: 'ಇದು ಪೋಲಿಷರ ರಣರಂಗ.' ಅಷ್ಟೇ.

ಅದೇ ದಿನಗಳಲ್ಲಿ ಪೋಲೆಂಡಿನ ರಾಜಧಾನಿ ವಾರ್ಸಾ ಹೊತ್ತಿ ಉರಿಯುತ್ತಿತ್ತು. ಆಗಸ್ಟ್ 1ಕ್ಕೆ ಅಲ್ಲಿನ ಜನ ಜರ್ಮನ್ನರ ವಿರುದ್ಧ ಎದ್ದಿದ್ದರು, 63 ದಿನ ಕಾದಾಡಿದರು. ನಮ್ಮ ಊರು ಸುಡುತ್ತಿರುವಾಗ ಇನ್ಯಾರದೋ ಊರಿಗಾಗಿ ಗುಡ್ಡದ ಮೇಲೆ ಕೂತಿರುವುದು ಹೇಗಿರಬೇಕು, ಅಲ್ವಾ?

ಬೆಲ್ಜಿಯಂ ದಾಟಿ ಅಕ್ಟೋಬರ್ 29ಕ್ಕೆ ನೆದರ್ಲೆಂಡ್ಸ್‌ನ ಬ್ರೆಡಾ ಊರನ್ನು ಬಿಡಿಸಿದರು. ಮಾಚೆಕ್ ಊರಿನ ಮೇಲೆ ಸುಮ್ನೆ ಫಿರಂಗಿ ಸುರಿಸಲಿಲ್ಲ. ಪಕ್ಕದಿಂದ ಸುತ್ತಿ ಬಂದರು, ಊರು ಹೆಚ್ಚು ಹಾಳಾಗದೆ ಉಳಿಯಿತು. ನನಗೆ ಅವರ ಮೇಲೆ ಗೌರವ ಬಂದಿದ್ದು ಫಾಲೇಸ್‌ಗಿಂತ ಜಾಸ್ತಿ ಇಲ್ಲಿ. ಜನ ಕಿಟಕಿಗಳಲ್ಲಿ ಪೋಲಿಷ್ ಭಾಷೆಯಲ್ಲೇ 'ಪೋಲಿಷರೇ, ನಿಮಗೆ ಧನ್ಯವಾದ' ಅಂತ ಕಾಗದ ಅಂಟಿಸಿದರು. ಡಿವಿಷನ್ ಆ ಊರಿಗೆ ಕೊಟ್ಟ ಜರ್ಮನ್ ಪ್ಯಾಂಥರ್ ಟ್ಯಾಂಕು ಇವತ್ತಿಗೂ ಅಲ್ಲಿದೆ.

1945ರ ಏಪ್ರಿಲ್ 12ರಂದು ಜರ್ಮನಿಯ ಓಬರ್‌ಲಾಂಗೆನ್ ಅನ್ನುವ ಕಡೆ ಒಂದು ಕೈದಿಗಳ ಶಿಬಿರ ಅವರ ಕೈಗೆ ಬಂತು. ಒಳಗೆ 1,700ಕ್ಕೂ ಹೆಚ್ಚು ಹೆಂಗಸರು. ಎಲ್ಲರೂ ವಾರ್ಸಾದ ದಂಗೆಯಲ್ಲಿ ಹೋರಾಡಿ ಸೆರೆ ಸಿಕ್ಕವರು. ಶಿಬಿರದಲ್ಲೇ ಹುಟ್ಟಿದ ಹಸುಗೂಸುಗಳೂ ಇದ್ದವು. ಬಿಡಿಸಲು ಬಂದವರು ಮಾತಾಡಿದ್ದು ತಮ್ಮದೇ ಭಾಷೆ! ಸೈನಿಕರು ವಾರ್ಸಾ ತಲುಪಲಿಲ್ಲ, ವಾರ್ಸಾದವರು ಅವರಿಗೆ ಇಲ್ಲಿ ಸಿಕ್ಕರು.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಸೋವಿಯತ್ ರಷ್ಯಾದಿಂದ ಹೊರಬಂದ ಪೋಲಿಷ್ ಹೆಂಗಸರು ಮಕ್ಕಳು ಸುಮಾರು 5,000 ಮಂದಿ ಆ ಕಾಲದಲ್ಲಿ ಕೊಲ್ಹಾಪುರದ ಹತ್ತಿರ ವಳಿವಡೆಯಲ್ಲಿ ಇದ್ದರು. ನಮ್ಮ ಬೆಳಗಾವಿಯಿಂದ ಬಹಳ ದೂರವೇನಲ್ಲ. ಅವರಿಗೂ ಮನೆಗೆ ಹೋಗುವ ದಾರಿ ಮುಚ್ಚಿಹೋಗಿತ್ತು.

ಯಾಕಂದರೆ 1945ರ ಫೆಬ್ರವರಿಯಲ್ಲಿ ಯಾಲ್ಟಾ ಅನ್ನುವ ಊರಿನಲ್ಲಿ ಅಮೆರಿಕ, ಬ್ರಿಟನ್, ಸೋವಿಯತ್ ರಷ್ಯಾದ ದೊಡ್ಡವರು ಕೂತು ಪೋಲೆಂಡಿನ ಪೂರ್ವ ಭಾಗವನ್ನು ಸ್ಟಾಲಿನ್‌ಗೆ ಬಿಟ್ಟುಕೊಟ್ಟರು. ಮಾಚೆಕ್ ಹುಟ್ಟಿದ್ದು ಆ ಕಡೆಯ ಲ್ವೂಫ್ ಹತ್ತಿರ. ಉಳಿದ ಪೋಲೆಂಡಿನಲ್ಲಿ ಕಮ್ಯುನಿಸ್ಟ್ ಸರ್ಕಾರ ಬಂತು. 1946ರಲ್ಲಿ ಅದು ಮಾಚೆಕ್ ಅವರ ಪೌರತ್ವ ಕಿತ್ತುಕೊಂಡಿತು. ಬ್ರಿಟನ್ ಅವರಿಗೆ ಜನರಲ್‌ಗಳಿಗೆ ಕೊಡುವ ಪಿಂಚಣಿ ಕೊಡಲಿಲ್ಲ. ಹಾಗಾಗಿ ಬಾರ್.

ಪೌರತ್ವ ವಾಪಸ್ ಸಿಕ್ಕಿದ್ದು 1971ರಲ್ಲಿ. ಅವರು ತೀರಿಕೊಂಡಿದ್ದು 1994ರ ಡಿಸೆಂಬರ್‌ನಲ್ಲಿ, 102ನೇ ವಯಸ್ಸಿನಲ್ಲಿ. ಆ ಹೊತ್ತಿಗೆ ಪೋಲೆಂಡಿನಲ್ಲಿ ಕಮ್ಯುನಿಸ್ಟ್ ಆಡಳಿತ ಇರಲಿಲ್ಲ. ಆದರೂ ಮಣ್ಣು ಮಾಡಿದ್ದು ಬ್ರೆಡಾದಲ್ಲಿ, ಅವರ ಸೈನಿಕರ ಪಕ್ಕದಲ್ಲಿ.